ಗ್ಯಾರೇಜಿಗೆ ಬೈಕ್ ಬಿಡೋ ಮುಂಚೆ: ಯಾವ ಕೆಲಸ ನಮ್ಮದು, ಯಾವುದು ಮೆಕ್ಯಾನಿಕ್‌ದು

ಬಿಲ್ಲಿನಲ್ಲಿ 'ಜನರಲ್ ಸರ್ವೀಸ್' ಅಂತ ಒಂದೇ ಸಾಲು ಇರುತ್ತದೆ. ಏನೇನು ಮಾಡಿದಿರಿ ಅಂತ ಕೇಳಿದರೆ ಆಯಿಲ್ ಚೇಂಜ್ ಆಗಿದೆ, ವಾಟರ್ ವಾಶ್ ಆಗಿದೆ, ಉಳಿದದ್ದೆಲ್ಲಾ ಚೆಕ್ ಮಾಡಿದೀವಿ ಸಾರ್ ಅನ್ನುತ್ತಾರೆ. ಗಾಡಿ ಮನೆಗೆ ತಂದು ನೋಡಿದರೆ ಚೈನ್ ಒಣಗಿಕೊಂಡು ಹಾಗೇ ಜೋತಾಡುತ್ತಿರುತ್ತದೆ, ಸೈಡ್ ಪ್ಯಾನಲ್ಲಿನ ಒಂದು ಸ್ಕ್ರೂ ಇರುವುದಿಲ್ಲ, ಹಿಂದಿನ ಬ್ರೇಕ್ ಪೆಡಲ್ ಒತ್ತಿದರೆ ಪೂರ್ತಿ ಕೆಳಗೆ ಹೋಗಿಬಿಡುತ್ತದೆ. ಬೈಕ್ ಇಟ್ಟುಕೊಂಡವರು ನಾಲ್ಕು ಜನ ಸೇರಿದ ಕಡೆ ಇದೇ ಮಾತು.

ನಾನು ಹೇಳೋದು ಇಷ್ಟು. ಎಲ್ಲಾ ಕೆಲಸ ನಾವೇ ಮಾಡಿಕೊಳ್ಳೋದು ಬೇಡ, ಆಗೋದೂ ಇಲ್ಲ. ಆದರೆ ಮೂರು ನಾಲ್ಕು ಸಣ್ಣ ಕೆಲಸ ಕಲಿತರೆ ಗ್ಯಾರೇಜಿಗೆ ಹೋಗೋದೇ ಕಡಿಮೆ ಆಗುತ್ತದೆ, ಹೋದಾಗಲೂ ಮಾಡಿದ ಕೆಲಸ ಸರಿಯಿದೆಯಾ ಅಂತ ಅಲ್ಲೇ ನಿಂತು ಕಂಡುಹಿಡಿಯೋಕೆ ಬರುತ್ತದೆ. ಈ ಎರಡನೇದೇ ನನಗೆ ಮುಖ್ಯ. ಬ್ರೇಕು, ಚಕ್ರದ ಕೆಲಸದಲ್ಲಿ ಯಾರೋ ಅಸಡ್ಡೆ ಮಾಡಿದರೆ ರಸ್ತೇಲಿ ಬೀಳೋದು ನಾವು.

ಮೊದಲು ಒಂದು ಎಚ್ಚರಿಕೆ. ಗಾಡಿ ವಾರಂಟಿಯಲ್ಲಿದ್ದರೆ ಕಂಪನಿ ಹೇಳಿದ ಸರ್ವೀಸುಗಳನ್ನೆಲ್ಲಾ ಅಧಿಕೃತ ಸರ್ವೀಸ್ ಸೆಂಟರಿನಲ್ಲೇ, ಹೇಳಿದ ಕಿಲೋಮೀಟರಿನೊಳಗೇ ಮಾಡಿಸಿ. ಎಷ್ಟೇ ಬೇಜಾರಾದರೂ ಸರಿ. ಸರ್ವೀಸ್ ತಪ್ಪಿಸಿದರೆ ನಾಳೆ ಇಂಜಿನ್ ಕೈಕೊಟ್ಟಾಗ ವಾರಂಟಿ ಸಿಗೋದು ಕಷ್ಟ. ಚೈನ್ ಕ್ಲೀನ್ ಮಾಡೋದು, ಗಾಳಿ ನೋಡೋದು, ತೊಳೆಯೋದು ಇವನ್ನು ಆಗಲೂ ನೀವೇ ಮಾಡಬಹುದು. ಅದಕ್ಕೆ ಯಾರೂ ಬೇಡ ಅನ್ನೋದಿಲ್ಲ.

ಅಸಡ್ಡೆ ಎಲ್ಲಿಂದ ಬರುತ್ತದೆ

ದೊಡ್ಡ ಸರ್ವೀಸ್ ಸೆಂಟರಿನಲ್ಲಿ ನಾವು ಮಾತಾಡೋದು ಕೌಂಟರಿನಲ್ಲಿರೋ ಅಡ್ವೈಸರ್ ಜೊತೆ. ಕೆಲಸ ಮಾಡೋರು ಒಳಗೆ ಬೇರೆಯವರು. 'ಎರಡನೇ ಗೇರಿನಲ್ಲಿ ಒಂದು ಥರ ಶಬ್ದ ಬರುತ್ತೆ, ಗಾಡಿ ಬಿಸಿಯಾದ ಮೇಲೆ ಮಾತ್ರ' ಅಂತ ನಾವು ಹೇಳಿದ್ದು ಜಾಬ್ ಕಾರ್ಡಿನಲ್ಲಿ 'ಇಂಜಿನ್ ಸೌಂಡ್ ಚೆಕ್' ಅಂತ ಆಗಿರುತ್ತದೆ. ಪಾಪ, ಆ ಮೆಕ್ಯಾನಿಕ್ ಮುಂದೆ ಸಂಜೆಯೊಳಗೆ ಮುಗಿಸಬೇಕಾದ ಗಾಡಿಗಳ ಸಾಲೇ ನಿಂತಿರುತ್ತದೆ. ರಸ್ತೆ ಬದಿ ಗ್ಯಾರೇಜಿನಲ್ಲಿ ಕಥೆ ಬೇರೆ. ಯಜಮಾನರಿಗೆ ಕೆಲಸ ಚೆನ್ನಾಗಿ ಗೊತ್ತಿರುತ್ತದೆ, ಆದರೆ ನಮ್ಮ ಗಾಡಿ ಬಿಚ್ಚೋದು ಈಗಷ್ಟೇ ಸೇರಿಕೊಂಡಿರೋ ಹೆಲ್ಪರ್ ಹುಡುಗ. ಅವನ ಕೈಲಿ ಒಂದು ಅಡ್ಜಸ್ಟಬಲ್ ಸ್ಪ್ಯಾನರ್, ಒಂದು ಕಟಿಂಗ್ ಪ್ಲೇಯರ್. ಅಷ್ಟರಲ್ಲೇ ಎಲ್ಲಾ ನಟ್ಟು ಬಿಚ್ಚುತ್ತಾನೆ, ಮೂಲೆಗಳು ಸವೆದು ನಟ್ಟು ಗುಂಡಗಾಗುತ್ತದೆ.

ಇದನ್ನು ಹೇಳಿದ್ದು ಯಾರನ್ನೋ ಬೈಯೋಕಲ್ಲ. ಎಲ್ಲಿ ತಪ್ಪಾಗುತ್ತದೆ ಅಂತ ತಿಳಿದರೆ ಎಲ್ಲಿ ಕಣ್ಣಿಡಬೇಕು ಅಂತ ಗೊತ್ತಾಗುತ್ತದೆ, ಅಲ್ವಾ?

ಮೈಸೂರಿನ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಆದರೂ ಅಲ್ಲಿ ತಯಾರಾದ ಯೆಜ್ಡಿಗಳು ಇವತ್ತಿಗೂ ಮೈಸೂರು, ಬೆಂಗಳೂರಿನ ರಸ್ತೆಗಳಲ್ಲಿ ಕಾಣುತ್ತವೆ. ಕಂಪನಿಯ ಸರ್ವೀಸ್ ಸೆಂಟರೇ ಇಲ್ಲದೆ ಅವು ಇಷ್ಟು ವರ್ಷ ಓಡಿದ್ದು ಮಾಲೀಕರು ತಾವೇ ಕಾರ್ಬ್ಯುರೇಟರ್, ಪಾಯಿಂಟ್, ಕ್ಲಚ್ ಬಿಚ್ಚಿ ಕಲಿತಿದ್ದರಿಂದ, ಜೊತೆಗೆ ಕೆಲಸ ಬಲ್ಲ ಹಳೇ ಮೇಸ್ತ್ರಿಗಳನ್ನು ಬಿಟ್ಟುಕೊಡದೆ ಇದ್ದಿದ್ದರಿಂದ. ಈ ಎರಡೂ ನಮಗೂ ಬೇಕು.

ಮನೇಲಿ ಏನಿರಬೇಕು

8, 10, 12, 14, 17 ಮಿಲಿಮೀಟರಿನ ರಿಂಗ್ ಸ್ಪ್ಯಾನರುಗಳು, 8 ಮತ್ತು 10ರ ಟಿ ಸ್ಪ್ಯಾನರ್, ಒಂದು ಪ್ಲಗ್ ಸ್ಪ್ಯಾನರ್, ಅಲೆನ್ ಕೀ ಸೆಟ್, ಒಳ್ಳೆಯ ಸ್ಕ್ರೂ ಡ್ರೈವರ್. ಹಿಂದಿನ ಚಕ್ರದ ಆಕ್ಸಲ್ ನಟ್ಟು ಎಷ್ಟರದ್ದು ಅಂತ ನಿಮ್ಮ ಗಾಡೀಲಿ ನೋಡಿ ಅದಕ್ಕೊಂದು. ಓಪನ್ ಎಂಡ್ ಸ್ಪ್ಯಾನರಿಗಿಂತ ರಿಂಗ್ ಸ್ಪ್ಯಾನರೇ ವಾಸಿ, ನಟ್ಟಿನ ಸುತ್ತಲೂ ಹಿಡಿಯುತ್ತದೆ, ಮೂಲೆ ಸವೆಯೋದಿಲ್ಲ. ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದೆ, ಬೇರೆ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಕಡಿಮೆ ರೇಟಿನ ಫುಟ್‌ಪಾತ್ ಸೆಟ್ ಬೇಡ, ಅದೇ ಮೊದಲು ನಟ್ಟು ಕೆಡಿಸೋದು.

ಸ್ಕ್ರೂ ಡ್ರೈವರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಹೀರೋ ಹೋಂಡಾ, ಯಮಹಾ, ಸುಜುಕಿ ಥರ ಜಪಾನಿ ಮೂಲದ ಗಾಡಿಗಳ ಪ್ಲಸ್ ಸ್ಕ್ರೂಗಳು ನೋಡೋಕೆ ಮಾಮೂಲಿ ಫಿಲಿಪ್ಸ್ ಥರಾನೇ ಇರುತ್ತವೆ, ಆದರೆ ಜೆಐಎಸ್ ಅನ್ನೋ ಬೇರೆ ಅಳತೆಯವು. ಫಿಲಿಪ್ಸ್ ಡ್ರೈವರ್ ಅದರಲ್ಲಿ ಪೂರ್ತಿ ಕೂರೋದಿಲ್ಲ, ಜೋರಾಗಿ ತಿರುಗಿಸಿದರೆ ಮೇಲೆದ್ದು ತಲೆ ತಿಂದುಹಾಕುತ್ತದೆ. ಇಂಜಿನ್ ಕವರಿನ ಸ್ಕ್ರೂ ತಲೆಗಳು ಕಿತ್ತುಹೋಗಿರೋ ಹಳೇ ಸ್ಪ್ಲೆಂಡರ್ ನೀವೂ ನೋಡಿರುತ್ತೀರಿ. ಕಾರಣ ಹೆಚ್ಚಾಗಿ ಇದೇ. ಒಂದು ಜೆಐಎಸ್ ಡ್ರೈವರ್ ತಂದಿಟ್ಟುಕೊಳ್ಳಿ.

ಇನ್ನು ಗಾಡಿಯ ಜೊತೆ ಬಂದ ಓನರ್ಸ್ ಮ್ಯಾನುಯಲ್. ಕಳೆದುಹೋಗಿದ್ದರೆ ಎಷ್ಟೋ ಕಂಪನಿಗಳ ಸೈಟಿನಲ್ಲೇ ಪಿಡಿಎಫ್ ಸಿಗುತ್ತದೆ. ಆಯಿಲ್ ಗ್ರೇಡ್, ಎಷ್ಟು ಹಾಕಬೇಕು, ಚೈನ್ ಎಷ್ಟು ಸಡಿಲ ಇರಬೇಕು, ಟೈರ್ ಗಾಳಿ, ಪ್ಲಗ್ ಗ್ಯಾಪ್ ಎಲ್ಲಾ ಅದರಲ್ಲಿದೆ. ಮೆಕ್ಯಾನಿಕ್ ಹೇಳಿದ್ದಕ್ಕೂ ಅದರಲ್ಲಿ ಬರೆದಿದ್ದಕ್ಕೂ ತಾಳೆ ಆಗದಿದ್ದರೆ ಮ್ಯಾನುಯಲ್ಲನ್ನೇ ನಂಬಿ.

ಆಯಿಲ್ ಬದಲಾಯಿಸೋದು

ಮೊದಲು ಕಲಿಯಬೇಕಾದ್ದು ಇದು, ಜಾಸ್ತಿ ಮೋಸ ಆಗೋದೂ ಇದರಲ್ಲೇ.

ಸರಿಯಾದ ಆಯಿಲ್ ತನ್ನಿ. ಸ್ಪ್ಲೆಂಡರ್ ಥರದ ಗಾಡಿಗೆ 10ಡಬ್ಲ್ಯೂ-30, ರಾಯಲ್ ಎನ್‌ಫೀಲ್ಡ್ 350ಗೆ 15ಡಬ್ಲ್ಯೂ-50, ಉಳಿದವಕ್ಕೆ ಮ್ಯಾನುಯಲ್ ನೋಡಿ. ಬಾಟಲಿ ಹಿಂದೆ ಜೆಎಎಸ್ಒ (JASO, ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇರಬೇಕು. ಗೇರ್ ಇರೋ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಇದೇ ಆಯಿಲಿನಲ್ಲಿ ಮುಳುಗಿರುತ್ತವೆ, ಕಾರಿನ ಆಯಿಲ್ ಹಾಕಿದರೆ ಅದರಲ್ಲಿರೋ ಜಾರಿಸೋ ಅಂಶದಿಂದ ಕ್ಲಚ್ ಸ್ಲಿಪ್ ಆಗಬಹುದು. ಎಂಬಿ ಅಂತ ಇದ್ದರೆ ಅದು ಸ್ಕೂಟರಿಗೆ, ಬೈಕಿಗೆ ಬೇಡ.

ಇಂಜಿನ್ ನಾಲ್ಕೈದು ನಿಮಿಷ ಓಡಿಸಿ ಆಯಿಲ್ ಬೆಚ್ಚಗಾಗಲಿ, ಕೈ ಸುಡುವಷ್ಟು ಬೇಡ. ಸಮತಟ್ಟಾದ ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ. ಕೆಳಗೆ ಹಳೇ ಬಾಣಲೆಯೋ ಪ್ಲಾಸ್ಟಿಕ್ ಬೇಸಿನ್ನೋ ಇಡಿ. ಇಂಜಿನ್ ತಳದಲ್ಲಿರೋ ಡ್ರೈನ್ ಬೋಲ್ಟನ್ನು ಸ್ಪ್ಯಾನರಿನಲ್ಲಿ ಸಡಿಲ ಮಾಡಿ, ಆಮೇಲೆ ಬೆರಳಲ್ಲಿ ಒಳಕ್ಕೆ ಒತ್ತಿ ಹಿಡಿದುಕೊಂಡೇ ತಿರುಗಿಸುತ್ತಾ ಬನ್ನಿ, ಕೊನೇ ಸುತ್ತಿಗೆ ಪಟ್ಟನೆ ತೆಗೆಯಿರಿ. ಆಯಿಲ್ ಪೂರ್ತಿ ಇಳಿಯೋಕೆ ಹತ್ತು ಹದಿನೈದು ನಿಮಿಷ ಬಿಡಿ. ಬೋಲ್ಟಿಗೆ ಅಂಟಿಕೊಂಡು ಬಂದಿರೋದನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣಗೆ ಬೂದು ಬಣ್ಣದ ಪುಡಿ ಇದ್ದರೆ ಸಹಜ. ಹೊಳೆಯೋ ಚೂರುಗಳಿದ್ದರೆ ಒಳಗೇನೋ ಸವೆಯುತ್ತಿದೆ ಅಂತ ಅರ್ಥ, ಆಗ ಒಳ್ಳೆ ಮೆಕ್ಯಾನಿಕ್ ಹತ್ತಿರ ಹೋಗಿ.

ಬೋಲ್ಟ್ ಕೆಳಗಿನ ವಾಷರ್ ತಾಮ್ರದ್ದೋ ಅಲ್ಯೂಮಿನಿಯಂದೋ ಇರುತ್ತದೆ. ಅದು ಒತ್ತಿಕೊಂಡು ಸೀಲ್ ಮಾಡೋ ವಾಷರ್, ಪ್ರತಿ ಸಲ ಹೊಸದು ಹಾಕಿ. ಎಷ್ಟೋ ಗ್ಯಾರೇಜುಗಳಲ್ಲಿ ಹಳೇದನ್ನೇ ಹಾಕಿ, ಆಯಿಲ್ ಜಿನುಗದಿರಲಿ ಅಂತ ಬೋಲ್ಟನ್ನು ಬಲವಾಗಿ ಬಿಗಿಯುತ್ತಾರೆ. ನಮ್ಮ ಮನೆಯ ಒಂದು ಗಾಡೀಲಿ ಆಗಿದ್ದೂ ಅದೇ. ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ಬಿಗಿದಿದ್ದರು. ಮುಂದಿನ ಸಲ ಬಿಚ್ಚಿದಾಗ ಬೋಲ್ಟಿನ ಜೊತೆ ಇಂಜಿನ್ ಕೇಸಿನ ಥ್ರೆಡ್ ಸ್ಪ್ರಿಂಗಿನ ಥರ ಸುರುಳಿಯಾಗಿ ಹೊರಗೆ ಬಂತು. ಕೇಸು ಅಲ್ಯೂಮಿನಿಯಂ, ಬೋಲ್ಟು ಸ್ಟೀಲು, ಬಲ ಹಾಕಿದರೆ ಸೋಲೋದು ಕೇಸೇ. ಲೇತ್ ಅಂಗಡೀಲಿ ಹೊಸ ಥ್ರೆಡ್ ಹಾಕಿಸಬೇಕಾಯಿತು. ಹಾಗಾಗಿ ಬೋಲ್ಟನ್ನು ಮೊದಲು ಪೂರ್ತಿ ಕೈಯಲ್ಲೇ ತಿರುಗಿಸಿ ಕೂರಿಸಿ. ಕೈಯಲ್ಲಿ ಹೋಗುತ್ತಿಲ್ಲ ಅಂದರೆ ಅಡ್ಡ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ಆಮೇಲೆ ಗಿಡ್ಡ ಸ್ಪ್ಯಾನರಿನಲ್ಲಿ, ಮಣಿಕಟ್ಟಿನ ಬಲದಲ್ಲಿ, ವಾಷರ್ ಒತ್ತಿಕೊಂಡಿದ್ದು ಕೈಗೆ ಗೊತ್ತಾಗೋವರೆಗೆ ಬಿಗಿಯಿರಿ, ಸಾಕು. ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೀವಿ ಅಂತ ತೋರಿಸೋ ಸ್ಪ್ಯಾನರ್) ಇದ್ದರೆ ಮ್ಯಾನುಯಲ್ ಹೇಳಿದಷ್ಟು.

ಫಿಲ್ಟರ್ ಇರೋ ಗಾಡಿಯಾದರೆ ಅದನ್ನೂ ಬದಲಿಸಿ. ಸ್ಪ್ಲೆಂಡರ್ ಥರದವುಗಳಲ್ಲಿ ಪೇಪರ್ ಫಿಲ್ಟರ್ ಇಲ್ಲ, ಒಳಗೊಂದು ಜಾಲರಿ ಮತ್ತು ಆಯಿಲನ್ನು ತಿರುಗಿಸಿ ಕೊಳೆ ಬೇರೆ ಮಾಡೋ ಬಟ್ಟಲು ಇರುತ್ತದೆ. ಕ್ಲಚ್ ಕವರ್ ಬಿಚ್ಚಿದಾಗ ಅದನ್ನು ಕ್ಲೀನ್ ಮಾಡಿಸಿ. ಕವರ್ ವಾಪಸ್ ಹಾಕೋವಾಗ ಹೊಸ ಪ್ಯಾಕಿಂಗ್ (ಕವರಿಗೂ ಇಂಜಿನ್ನಿಗೂ ಮಧ್ಯೆ ಕೂತು ಆಯಿಲ್ ಸೋರದಂತೆ ತಡೆಯೋ ಹಾಳೆ) ಹಾಕೋ ಬದಲು ಹಳೇದರ ಮೇಲೇ ಅಂಟು ಬಳಿಯೋದು ಕೆಲವರ ಅಭ್ಯಾಸ. ಜಾಸ್ತಿ ಬಳಿದಿದ್ದು ಒಳಗಡೆ ಉದುರಿ ಅದೇ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಆಯಿಲ್ ಹರಿಯೋ ದಾರಿಗೇ ಅಡ್ಡ. ಪ್ಯಾಕಿಂಗ್ ನೀವೇ ತಗೊಂಡು ಹೋಗಿ ಕೊಡಿ.

ಬಾಟಲೀಲಿ ಇದ್ದದ್ದನ್ನೆಲ್ಲಾ ಸುರಿಯಬೇಡಿ. ಎಷ್ಟು ಹಿಡಿಯುತ್ತದೋ ಅಷ್ಟೇ. ಜಾಸ್ತಿ ಆದರೆ ಆಯಿಲ್ ನೊರೆಯಾಗಿ, ಇಂಜಿನ್ನಿನ ಗಾಳಿ ಹೊರಬಿಡೋ ಬ್ರೀದರ್ ಪೈಪಿನಿಂದ ಏರ್ ಫಿಲ್ಟರಿಗೆ ಬರುತ್ತದೆ. ಒಂದು ನಿಮಿಷ ಓಡಿಸಿ, ಆಫ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು ಮಟ್ಟ ನೋಡಿ. ಗಾಡಿ ನೇರ ನಿಂತಿರಬೇಕು, ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ತಪ್ಪು ಲೆಕ್ಕ. ಸ್ಪ್ಲೆಂಡರಿನಲ್ಲಿ ಮಟ್ಟ ನೋಡೋ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್ಕನ್ನು ತಿರುಗಿಸದೆ ಸುಮ್ನೆ ಇಳಿಬಿಟ್ಟು ನೋಡಬೇಕು. ಆಯಿಲ್ ಕಾಣೋ ಪುಟ್ಟ ಕಿಟಕಿ ಇರೋ ಗಾಡಿಯಾದರೆ ಎರಡು ಗೆರೆಗಳ ಮಧ್ಯೆ ಇದ್ದರೆ ಸರಿ.

ಹಳೇ ಆಯಿಲ್ ಚರಂಡಿಗೋ ಗಿಡದ ಬುಡಕ್ಕೋ ಸುರಿಯಬೇಡಿ, ದಯವಿಟ್ಟು. ಅದೇ ಬಾಟಲಿಗೆ ತುಂಬಿ ಹತ್ತಿರದ ಗ್ಯಾರೇಜಿಗೆ ಕೊಡಿ. ಅವರ ಡ್ರಮ್ಮಿನಿಂದ ಅದನ್ನು ಕೊಂಡು ಒಯ್ಯೋರು ಇರುತ್ತಾರೆ.

ಚೈನು, ಬ್ರೇಕು, ಉಳಿದ ಸಣ್ಣಪುಟ್ಟದ್ದು

ಚೈನ್ ಕೆಲಸ ಇಂಜಿನ್ ಆಫ್ ಮಾಡಿ, ಕೀ ತೆಗೆದು, ನ್ಯೂಟ್ರಲ್‌ನಲ್ಲಿ ಚಕ್ರ ಕೈಯಲ್ಲಿ ತಿರುಗಿಸಿಕೊಂಡೇ ಮಾಡಬೇಕು. ಇಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಬಟ್ಟೆ ಹಿಡಿಯೋರನ್ನು ನೋಡಿದ್ದೀನಿ. ಬಟ್ಟೆ ಸ್ಪ್ರಾಕೆಟ್ಟಿಗೆ ಸಿಕ್ಕಿದರೆ ಬೆರಳೂ ಜೊತೆಗೇ ಹೋಗುತ್ತದೆ. ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗೋದಿಲ್ಲ, ಡೀಸೆಲ್ ಆಗುತ್ತದೆ. ಪೆಟ್ರೋಲ್ ಮಾತ್ರ ಬೇಡ, ಓ-ರಿಂಗ್ ಚೈನಿನ (ಕೊಂಡಿಗಳ ಮಧ್ಯೆ ಸಣ್ಣ ರಬ್ಬರ್ ಬಳೆ ಇರೋ ಚೈನ್) ರಬ್ಬರ್ ಹಾಳಾಗುತ್ತದೆ, ಬೆಂಕಿಯ ಅಪಾಯ ಬೇರೆ. ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ, ಒರೆಸಿ, ಒಣಗಿದ ಮೇಲೆ 90 ನಂಬರ್ ಗೇರ್ ಆಯಿಲನ್ನು ಚೈನಿನ ಒಳಮೈಗೆ ತೊಟ್ಟು ತೊಟ್ಟಾಗಿ ಬಿಡಿ. ಹೆಚ್ಚಾದದ್ದನ್ನು ಒರೆಸಿ, ಇಲ್ಲದಿದ್ದರೆ ಟೈರಿಗೆ ಹಾರುತ್ತದೆ. ಸುಮಾರು 500 ಕಿಲೋಮೀಟರಿಗೆ ಒಮ್ಮೆ ಮಾಡಿ. ಮಲೆನಾಡಿನ ಮಳೆಯಲ್ಲಿ, ಕರಾವಳಿಯ ಉಪ್ಪು ಗಾಳಿಯಲ್ಲಿ ಓಡಿಸೋರು ಇನ್ನೂ ಬೇಗ.

ಸಡಿಲ ನೋಡೋಕೆ ಚೈನಿನ ಕೆಳ ಎಳೆಯ ಮಧ್ಯಭಾಗ ಬೆರಳಲ್ಲಿ ಮೇಲೆ ಕೆಳಗೆ ಆಡಿಸಿ. ಸಣ್ಣ ಗಾಡಿಗಳಲ್ಲಿ 20ರಿಂದ 30 ಮಿಲಿಮೀಟರ್ ಆಸುಪಾಸು ಇರುತ್ತದೆ, ನಿಮ್ಮದಕ್ಕೆ ಮ್ಯಾನುಯಲ್ ನೋಡಿ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಬೇಕು, ಯಾಕೆಂದರೆ ಚೈನ್ ಎಲ್ಲಾ ಕಡೆ ಒಂದೇ ಸಮ ಸವೆಯೋದಿಲ್ಲ. ಜಾಸ್ತಿ ಬಿಗಿಯಾಗಿರೋ ಜಾಗವನ್ನೇ ಲೆಕ್ಕಕ್ಕೆ ತಗೊಳ್ಳಿ. ಶಬ್ದ ಬಾರದಿರಲಿ ಅಂತ ವೀಣೆ ತಂತಿ ಥರ ಬಿಗಿದು ಕೊಡೋ ಗ್ಯಾರೇಜುಗಳಿವೆ. ಅದರಿಂದ ಸ್ಪ್ರಾಕೆಟ್ ಬೇಗ ಸವೆಯುತ್ತದೆ, ಗೇರ್ ಬಾಕ್ಸಿನ ಬೇರಿಂಗ್ ಮೇಲೂ ಭಾರ ಬೀಳುತ್ತದೆ. ಅಡ್ಜಸ್ಟರ್ ಎರಡೂ ಬದಿ ಒಂದೇ ಗುರುತಿನಲ್ಲಿರಲಿ.

ಚೈನ್ ಬಿಗಿ ಮಾಡೋದು ಅಂದರೆ ಚಕ್ರ ಹಿಂದಕ್ಕೆ ಸರಿಸೋದು. ಹಿಂದೆ ಡ್ರಮ್ ಬ್ರೇಕ್ ಇದ್ದರೆ ಬ್ರೇಕ್ ರಾಡೂ ಎಳೆದುಕೊಂಡು ಬಿಗಿಯಾಗುತ್ತದೆ. ಆಗ ಬ್ರೇಕ್ ಸದಾ ಉಜ್ಜಿಕೊಂಡು ಡ್ರಮ್ ಕಾಯುತ್ತದೆ, ಬ್ರೇಕ್ ಲೈಟ್ ಆರೋದೇ ಇಲ್ಲ. ಪೆಡಲ್ 20ರಿಂದ 30 ಮಿಲಿಮೀಟರ್ ಖಾಲಿ ಆಡಿದ ಮೇಲೆ ಹಿಡಿಯೋ ಹಾಗೆ ಸರಿಮಾಡಿ, ಚಕ್ರ ಕೈಯಲ್ಲಿ ತಿರುಗಿಸಿ ಆರಾಮಾಗಿ ಸುತ್ತುತ್ತದಾ ನೋಡಿ. ಪಂಚರ್ ಹಾಕಿಸಿದಾಗಲೂ ಇದೇ ಪರೀಕ್ಷೆ ಮಾಡಿ. ಚಕ್ರ ಬಿಚ್ಚಿದ ಕಡೆ ನೋಡಲೇಬೇಕಾದ್ದು ಆಕ್ಸಲ್ ನಟ್ಟು, ಬ್ರೇಕ್ ಪ್ಲೇಟನ್ನು ಹಿಡಿದಿರೋ ಟಾರ್ಕ್ ಆರ್ಮಿನ ನಟ್ಟು, ಅದರ ಸ್ಪ್ಲಿಟ್ ಪಿನ್ (ನಟ್ಟು ಉದುರದ ಹಾಗೆ ತೂರಿಸೋ ಸಣ್ಣ ಕಡ್ಡಿ). ಆ ಪಿನ್ ಹಾಕೋದು ಮರೆತು ನಟ್ಟು ಉದುರಿದರೆ ಬ್ರೇಕ್ ಒತ್ತಿದಾಗ ಪ್ಲೇಟೇ ತಿರುಗಿ ಚಕ್ರ ಲಾಕ್ ಆಗಬಹುದು.

ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಎಷ್ಟು ಉಳಿದಿದೆ ಅಂತ ಟಾರ್ಚ್ ಹಾಕಿ ನೋಡೋದು, ಬ್ರೇಕ್ ಆಯಿಲ್ ಮಟ್ಟ ನೋಡೋದು ನಿಮ್ಮ ಕೆಲಸ. ಪ್ಯಾಡ್ ಬದಲಾಯಿಸಿದ ಮೇಲೆ ಲಿವರ್ ಮೊದಲ ಸಲ ಒತ್ತಿದಾಗ ಸುಮ್ನೆ ಒಳಗೆ ಹೋಗುತ್ತದೆ. ಗಟ್ಟಿ ಆಗೋವರೆಗೆ ಪಂಪ್ ಮಾಡದೆ ಗಾಡಿ ಕದಲಿಸಬೇಡಿ. ಗ್ಯಾರೇಜಿನಿಂದ ಹೊರಡೋವಾಗಲೂ ಅಷ್ಟೇ, ಹತ್ತುತ್ತಿದ್ದ ಹಾಗೆ ಮುಂದಿನ ಹಿಂದಿನ ಬ್ರೇಕ್ ಒತ್ತಿ ನೋಡೋದು ಅಭ್ಯಾಸ ಆಗಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅದನ್ನು ಬಲ್ಲವರ ಕೈಲೇ ಮಾಡಿಸಿ. ಡಾಟ್ 3, ಡಾಟ್ 4 ಆಯಿಲ್ ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದುಬರುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಏರ್ ಫಿಲ್ಟರ್ ಫೋಮ್ ಆದರೆ ತೊಳೆಯಬಹುದು. ಒಣ ಪೇಪರ್ ಆದರೆ ಒಳಗಿನಿಂದ ಹೊರಕ್ಕೆ ಗಾಳಿ ಊದಿ. ಆ್ಯಕ್ಟಿವಾ ಥರದವುಗಳಲ್ಲಿರೋ ಎಣ್ಣೆ ಸವರಿದ ಪೇಪರ್ ಫಿಲ್ಟರನ್ನು ಊದಲೂಬಾರದು, ತೊಳೆಯಲೂಬಾರದು, ಅವಧಿ ಮುಗಿದರೆ ಬದಲಿಸಬೇಕು ಅಷ್ಟೇ. ಕಲಬುರಗಿ, ರಾಯಚೂರು ಕಡೆಯ ಧೂಳಿನಲ್ಲಿ ಮ್ಯಾನುಯಲ್ ಹೇಳಿದ ಅವಧಿಗಿಂತ ಮುಂಚೆಯೇ ನೋಡಿಕೊಳ್ಳಿ. ಬ್ಯಾಟರಿ ಬಿಚ್ಚೋವಾಗ ಮೈನಸ್ ಮೊದಲು, ಹಾಕೋವಾಗ ಮೈನಸ್ ಕೊನೆಗೆ. 'ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ' ಅಂತ ಯಾರಾದರೂ ಹೇಳಿದರೆ ಒಂದು ಮಲ್ಟಿಮೀಟರ್ ಹಿಡಿದು ನೋಡಿ. ರಾತ್ರಿ ನಿಂತ ಗಾಡೀಲಿ 12.6 ವೋಲ್ಟ್ ಆಸುಪಾಸು, ಇಂಜಿನ್ ಸ್ವಲ್ಪ ರೇಸ್ ಮಾಡಿದಾಗ 13.5ರಿಂದ 14.5 ಬರಬೇಕು. ರೇಸ್ ಮಾಡಿದರೂ ಏರದಿದ್ದರೆ ತೊಂದರೆ ಚಾರ್ಜಿಂಗಿನಲ್ಲಿದೆ, ಹೊಸ ಬ್ಯಾಟರಿ ಹಾಕಿದರೆ ಅದೂ ಕೂತುಹೋಗುತ್ತದೆ.

ತೊಳೆಯೋದಂತೂ ಮನೇಲೇ ಮಾಡಿ. ವಾಟರ್ ಸರ್ವೀಸಿನ ಜೋರು ನೀರು ಚಕ್ರದ ಬೇರಿಂಗಿಗೂ ವೈರಿಂಗ್ ಕನೆಕ್ಟರಿಗೂ ನುಗ್ಗುತ್ತದೆ. ಕೊನೆಗೆ ಹೊಳಪಿಗೆ ಅಂತ ಡೀಸೆಲ್ ಸ್ಪ್ರೇ ಮಾಡುತ್ತಾರಲ್ಲ, ಅದು ಡಿಸ್ಕಿಗೋ ಟೈರಿಗೋ ತಾಗಿದರೆ ಮೊದಲ ತಿರುವಿನಲ್ಲೇ ಅಪಾಯ. ಬೇಡ ಅಂತ ಮೊದಲೇ ಹೇಳಿ.

ಮನೇಲಿ ಕೈ ಹಾಕಬಾರದ ಕೆಲಸಗಳೂ ಇವೆ. ಇಂಜಿನ್ ಒಳಗಿನದು, ಫೋರ್ಕ್ ಆಯಿಲ್ ಸೀಲ್, ಸ್ಟೀರಿಂಗ್ ಬೇರಿಂಗ್, ಸ್ಪೋಕ್ ಚಕ್ರದ ಬೆಂಡ್ ತೆಗೆಯೋದು. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಅದರ ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತದೆ, ಸುಮ್ನೆ ಬಿಚ್ಚಿದರೆ ಚಿಮ್ಮುತ್ತದೆ. ಚೆಕ್ ಇಂಜಿನ್ ದೀಪ ಬಂದರೆ ಸ್ಕ್ಯಾನರ್ ಇರೋ ಕಡೆಗೆ ಹೋಗಿ, 'ಟ್ಯೂನಿಂಗ್ ಮಾಡಿ ಕೊಡ್ತೀನಿ' ಅಂತ ಸ್ಕ್ರೂ ಡ್ರೈವರ್ ಹಿಡಿದು ಬರೋರ ಕೈಗೆ ಕೊಡಬೇಡಿ.

ಗ್ಯಾರೇಜಿಗೆ ಬಿಡೋದು, ವಾಪಸ್ ತರೋದು

ಬಿಡೋ ಮುಂಚೆ ಮೀಟರ್, ಪೆಟ್ರೋಲ್ ಗೇಜ್, ನಾಲ್ಕೂ ಬದಿ, ಟೂಲ್ ಕಿಟ್ ಫೋಟೋ ತೆಗೆದುಕೊಳ್ಳಿ. ದೂರನ್ನು ನಿಮ್ಮ ಮಾತಲ್ಲೇ ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಫೋಟೋ ಇಟ್ಟುಕೊಳ್ಳಿ. ಸಣ್ಣ ಗ್ಯಾರೇಜಾದರೆ ವಾಟ್ಸಾಪ್‌ನಲ್ಲಿ ಕಳಿಸಿ: 'ಅಣ್ಣಾ, ಆಯಿಲ್, ಹಿಂದಿನ ಬ್ರೇಕ್ ಶೂ, ಕ್ಲಚ್ ಕೇಬಲ್ ಇಷ್ಟೇ. ಬೇರೆ ಏನಾದರೂ ಬೇಕಿದ್ದರೆ ಫೋಟೋ ಕಳಿಸಿ ಕೇಳಿ.' ಹಳೇ ಪಾರ್ಟ್‌ಗಳು ವಾಪಸ್ ಬೇಕು ಅಂತ ಗಾಡಿ ಬಿಡೋವಾಗಲೇ ಹೇಳಿಬಿಡಿ. ಆಮೇಲೆ ಕೇಳಿದರೆ 'ಬಿಸಾಕಿಬಿಟ್ವಿ' ಅನ್ನುತ್ತಾರೆ. ಹೊಸ ಪಾರ್ಟಿನ ಖಾಲಿ ಪ್ಯಾಕೆಟ್ ಕೂಡ ಕೇಳಿ, ಎಂಆರ್‌ಪಿ, ಪಾರ್ಟ್ ನಂಬರ್ ಅದರ ಮೇಲೇ ಇರುತ್ತದೆ. ನಟ್ಟುಗಳ ಮೇಲೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಟ್ಟರೆ ಬಿಚ್ಚಿದ್ದಾರಾ ಇಲ್ವಾ ಅಂತ ಗೊತ್ತಾಗುತ್ತದೆ. ಡ್ರೈನ್ ಬೋಲ್ಟಿನ ಗೆರೆ ಕದಲದೇ ಇದ್ದರೆ ಆಯಿಲ್ ಬದಲಾಗಿದ್ದು ಹೇಗೆ ಅಂತ ಕೇಳಬಹುದು.

ವಾಪಸ್ ತರೋವಾಗ ಕತ್ತಲಾಗೋ ಮುಂಚೆ ಹೋಗಿ. ಹಣ ಕೊಡೋ ಮುಂಚೆ ಬ್ರೇಕ್, ಆಯಿಲ್ ಮಟ್ಟ, ಚೈನ್, ಆಕ್ಸಲ್ ನಟ್ಟು, ಲೈಟು ಹಾರ್ನು ನೋಡಿ, ಒಂದು ರೌಂಡ್ ಓಡಿಸಿ. ಜಗಳದ ದನಿ ಬೇಡ. 'ಅಣ್ಣಾ, ಇಲ್ಲಿ ಸ್ವಲ್ಪ ನೋಡಿ' ಅಂದರೆ ಎಷ್ಟೋ ಕೆಲಸ ಅಲ್ಲೇ ಆಗುತ್ತದೆ.

ಹೊಸ ಗ್ಯಾರೇಜಾದರೆ ಮೊದಲ ಸಲ ಕ್ಲಚ್ ಕೇಬಲ್ ಥರದ ಸಣ್ಣ ಕೆಲಸ ಕೊಟ್ಟು ಪಕ್ಕದಲ್ಲಿ ನಿಂತು ನೋಡಿ. ಬಿಚ್ಚಿದ ನಟ್ಟುಗಳನ್ನು ಡಬ್ಬಿಯಲ್ಲಿ ಹಾಕುತ್ತಾರಾ, ನೆಲದ ಮೇಲೆ ಚೆಲ್ಲುತ್ತಾರಾ? ಬೋಲ್ಟನ್ನು ಮೊದಲು ಕೈಯಲ್ಲಿ ಕೂರಿಸುತ್ತಾರಾ? ಬಿಚ್ಚೋ ಮುಂಚೆ ತಾವೇ ಗಾಡಿ ಓಡಿಸಿ ನೋಡುತ್ತಾರಾ? ಇಷ್ಟು ಮಾಡೋರು ಸಿಕ್ಕರೆ ಚೌಕಾಸಿ ಮಾಡದೆ ಕೇಳಿದಷ್ಟು ಕೊಡಿ, ನಾಲ್ಕು ಜನಕ್ಕೆ ಅವರ ಹೆಸರು ಹೇಳಿ.

ಕೆಲಸ ಕೆಟ್ಟರೆ, ಸರಿ ಮಾಡಿಕೊಡೋಕೂ ಒಪ್ಪದಿದ್ದರೆ, ಗಾಡಿಯನ್ನು ಬೇರೆ ಕಡೆ ಬಿಚ್ಚಿಸೋ ಮುಂಚೆ ಫೋಟೋ, ವಿಡಿಯೋ ಮಾಡಿಕೊಳ್ಳಿ. ಬಿಚ್ಚಿಸಿಬಿಟ್ಟರೆ ತಪ್ಪು ಯಾರದ್ದು ಅಂತ ತೋರಿಸೋದು ಕಷ್ಟ. ಮ್ಯಾನೇಜರಿಗೂ ಕಂಪನಿಯ ಕಸ್ಟಮರ್ ಕೇರಿಗೂ ಜಾಬ್ ಕಾರ್ಡ್ ನಂಬರ್ ಹಾಕಿ ಇಮೇಲ್ ಮಾಡಿ. ಫೋನಲ್ಲಿ ಆಡಿದ ಮಾತಿಗೆ ದಾಖಲೆ ಇರೋದಿಲ್ಲ. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರ ನಂತರ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಸರ್ವೀಸಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಿಲ್ಲ, ನೀವೇ ವಾದಿಸಬಹುದು. ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು. ಇದಕ್ಕೆಲ್ಲಾ ಬಿಲ್ಲು ಬೇಕು, ಹಾಗಾಗಿ ಜಿಎಸ್‌ಟಿ ಉಳಿಯುತ್ತೆ ಅಂತ ಬಿಲ್ಲಿಲ್ಲದೆ ಕೆಲಸ ಮಾಡಿಸಬೇಡಿ. ರಸ್ತೆ ಬದಿ ಗ್ಯಾರೇಜಿನಲ್ಲೂ ಒಂದು ಚೀಟಿಯಲ್ಲಿ ಮಾಡಿದ ಕೆಲಸ, ತಾರೀಖು, ಗಾಡಿ ನಂಬರ್ ಬರೆಸಿಕೊಂಡು, ಹಣವನ್ನು ಯುಪಿಐನಲ್ಲೇ ಕಳಿಸಿ.